ಬೂದಿ ಹಾಕದ ತಾರಸಿ

ನಮ್ಮೂರಿನಲ್ಲಿ ಬೆಳಗಾದರೆ ಜನ ಒಬ್ಬರ ಮನೆಗೊಬ್ಬರು ಕನಸು ತಲುಪಿಸುವುದಕ್ಕೆ ಹೋಗುತ್ತಿದ್ದರು. ನಾನು ಮದುವೆಯಾಗಿ ಈ ಬೀದಿಗೆ ಬಂದ ದಿನದಿಂದ ಅಂಗಡಿ ಗಾದ್ರಪ್ಪನ ತಾತನನ್ನು ಕನಸಿನಲ್ಲಿ ಕಾಣುತ್ತಿದ್ದೆ. ಆ ತಾತ ಬಚ್ಚಲ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಬೇವಿನ ಕಡ್ಡಿ ಸವೆದು ಬೆರಳು ಮಾತ್ರ ಉಳಿದರೂ ಉಜ್ಜುತ್ತಲೇ ಇರುತ್ತಿದ್ದ. ಬೆಳಿಗ್ಗೆ ನಾನು ಅಂಗಡಿ ಬಾಗಿಲಿಗೆ ಹೋಗಿ, "ಇವತ್ತೂ ಹಲ್ಲುಜ್ತಾ ಇದ್ರು ಗಾದ್ರಪ್ಪಣ್ಣ" ಎಂದರೆ ಆತ ತಕ್ಕಡಿ ಒರೆಸುತ್ತಾ, "ಬಾಯಿ ಮುಕ್ಕಳಿಸಿದ್ರಾ?" ಎಂದು ಆಸೆಯಿಂದ ಕೇಳುತ್ತಿದ್ದ. ಇಲ್ಲ ಎನ್ನುವುದಕ್ಕೆ ನನಗೇ ಬೇಜಾರು. ಇಪ್ಪತ್ತಮೂರು ವರ್ಷದಲ್ಲಿ ಆ ಮನುಷ್ಯ ಒಂದು ದಿನವೂ ಬಾಯಿ ಮುಕ್ಕಳಿಸಲಿಲ್ಲ.

ಇದಕ್ಕೆಲ್ಲ ಮೂಲ ಜಲ್ಲಿ. ನಮ್ಮ ಹಿರಿಯರು ಊರ ಪಕ್ಕದ ಗುಡ್ಡವನ್ನು ಒಡೆದೊಡೆದು ಮುಗಿಸಿ, ಹೊಳೆಯ ಮರಳನ್ನೂ ತಳ ಕಾಣುವವರೆಗೆ ಬಾಚಿ, ಕೊನೆಗೆ ತಮ್ಮ ಕೆಲಸಕ್ಕೆ ತಾವೇ ನಾಚಿಕೊಂಡು ಒಂದು ಕಟ್ಟಳೆ ಮಾಡಿದ್ದರು. ಇನ್ನು ಮೇಲೆ ಹೊಸ ಕಲ್ಲು ಒಡೆಯಕೂಡದು. ಮನೆ ಬೇಕಾದರೆ ಊರಿನ ಹಳೇ ಮನೆ ಕೆಡವಿ, ಆ ಕಾಂಕ್ರೀಟನ್ನೇ ಪುಡಿಮಾಡಿ ಜಲ್ಲಿ ಮಾಡಿ, ಅದರಲ್ಲೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿದ ಮೊದಲನೆಯ ಮನೆಯಲ್ಲಿ ಮಲಗಿದವರು ಬೆಳಿಗ್ಗೆ ಎದ್ದು, ಗುರುತಿಲ್ಲದ ಮುದುಕಿಯೊಬ್ಬಳು ರಾತ್ರಿಯೆಲ್ಲ ರೊಟ್ಟಿ ತಟ್ಟುತ್ತಿದ್ದಳು ಎಂದರಂತೆ. ಯಾವ ಮನೆಯ ಜಲ್ಲಿ ನೆತ್ತಿಯ ಮೇಲಿದೆಯೋ ಆ ಮನೆಯಲ್ಲಿ ಬಾಳಿದವರು, ಕೆಳಗೆ ಮಲಗಿದವರ ಕಣ್ಣೊಳಗೆ ಓಡಾಡತೊಡಗಿದರು. ಊರು ಒಂದು ವಾರ ಹೆದರಿತು, ಆಮೇಲೆ ಒಗ್ಗಿಕೊಂಡಿತು.

ಮೊದಮೊದಲು ಕೆಲವರು ತಮ್ಮ ಮನೆಯ ಜಲ್ಲಿಯಿಂದಲೇ ತಮಗೆ ಮನೆ ಕಟ್ಟಿಕೊಂಡರು. ತೀರಿಹೋದವರನ್ನು ನೋಡುತ್ತಾ ನೋಡುತ್ತಾ ಅವರು ಹಾಸಿಗೆ ಬಿಟ್ಟು ಏಳುವುದನ್ನೇ ಮರೆತರು. ಹೊಲ ಬೀಳು ಬಿತ್ತು, ಮಕ್ಕಳು ಅಕ್ಕಪಕ್ಕದ ಮನೆಯಲ್ಲಿ ಉಂಡು ಬೆಳೆದವು. ಅಲ್ಲಿಂದಾಚೆಗೆ ಜಲ್ಲಿಯನ್ನು ಚೀಟಿ ಎತ್ತಿ ಹಂಚುವುದು ರೂಢಿಯಾಯಿತು. ನಮ್ಮ ಮನೆಯ ಜಲ್ಲಿ ನಮಗೆ ಬರಕೂಡದು. ಅದು ಯಾರ ಪಾಲಿಗೆ ಹೋಗಿದೆಯೋ ಅವರ ಮನೆಯಲ್ಲಿ ನಾವು ಮಧ್ಯಾಹ್ನದ ಹೊತ್ತಿನಲ್ಲೂ ಕಣ್ಣು ಮುಚ್ಚಕೂಡದು. ನಮ್ಮವರು ಬೇರೆಯವರ ಕನಸಿಗೆ ಬರಬೇಕು, ಅವರು ಬೆಳಿಗ್ಗೆ ಬಂದು ನಮಗೆ ಹೇಳಬೇಕು. ಅದಕ್ಕೂ ರೀತಿನೀತಿ ಇತ್ತು. ಮುಖ ತೊಳೆಯದೆ ಹೋಗಬಾರದು. ಎದುರಿನವರು ಕಾಫಿ ಕುಡಿಯುವ ಮುಂಚೆ ಅಳಿಸಬಾರದು. ಕಂಡದ್ದಕ್ಕೆ ಉಪ್ಪು ಖಾರ ಹಚ್ಚಬಾರದು. ಗಂಡ ಹೆಂಡಿರ ಜಗಳ ಕಂಡರೆ ಹೊಸ್ತಿಲಾಚೆಯೇ ಹೇಳಿ ಬಂದುಬಿಡಬೇಕು.

ನನ್ನ ಹೆಸರು ಓಬಕ್ಕ. ಊರಿನ ಜಲ್ಲಿ ಅಂಗಳದಲ್ಲಿ ಮಿಕ್ಸರ್ ನೋಡಿಕೊಳ್ಳುವವಳು. ಎಷ್ಟು ಬಾಣಲಿ ಜಲ್ಲಿ, ಎಷ್ಟು ಪುಡಿ, ಎಷ್ಟು ಸಿಮೆಂಟು, ಎಷ್ಟು ನೀರು ಎನ್ನುವುದೆಲ್ಲ ನನ್ನ ಕೈಯಲ್ಲಿತ್ತು. ಮೂರು ಮಾರು ದೂರದಿಂದ ಡ್ರಮ್ಮಿನ ಸದ್ದು ಕೇಳಿಯೇ ಮಾಲು ಗಟ್ಟಿಯಾಯಿತೋ ನೀರಾಯಿತೋ ಹೇಳಿಬಿಡುತ್ತಿದ್ದೆ. ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಹಳೇ ಜಲ್ಲಿಗೆ ಒಂದು ಕೆಟ್ಟ ಚಟ, ಅದು ವಿಪರೀತ ನೀರು ಕುಡಿಯುತ್ತದೆ. ಅದರ ಮೈಗೆ ಅಂಟಿಕೊಂಡ ಹಳೇ ಗಾರೆಯ ತುಂಬ ಕಣ್ಣಿಗೆ ಕಾಣದ ತೂತು. ಎಷ್ಟು ಜತನದಿಂದ ಕಲಸಿದರೂ ತಾರಸಿ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಬಿರುಕು ಬಿಡುತ್ತಿತ್ತು.

ನಮ್ಮಮ್ಮ ಗಿರಿಯಮ್ಮ ಹೋದಾಗ ನನಗೆ ಎರಡು ವರ್ಷ. ಅವಳದೊಂದು ಫೋಟೋ ಇರಲಿಲ್ಲ. ಅವಳ ಹೆಸರೆತ್ತಿದರೆ ಅಪ್ಪ ಉಣ್ಣುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದ, ಹಾಗಾಗಿ ನಾನು ಎತ್ತುವುದನ್ನೇ ಬಿಟ್ಟೆ. ನಾವಿದ್ದ ಮನೆ ಕೆಡವಿದಾಗ ಅದರ ಜಲ್ಲಿ ಚೀಟಿಯಲ್ಲಿ ಬಿದ್ದದ್ದು ಮಾರಕ್ಕನ ಪಾಲಿಗೆ. ಮಾರಕ್ಕ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ನಮ್ಮ ಬೀದಿಯ ಕೊನೇ ಮನೆಯವಳು. ನಲವತ್ತು ವರ್ಷ ತಲೆಯ ಮೇಲೆ ಬಾಣಲಿ ಹೊತ್ತು ಹೊತ್ತು ಅವಳ ಕುತ್ತಿಗೆ ಒಳಗೆ ಹೋಗಿತ್ತು, ಮಾತು ಮಾತ್ರ ಧಾರಾಳವಾಗಿ ಹೊರಗೆ ಬರುತ್ತಿತ್ತು. ನಮ್ಮಮ್ಮ ಬದುಕಿದ್ದಾಗ ಅವಳು ನೋಡಿಯೂ ಇರಲಿಲ್ಲ. ಆದರೆ ಹೊಸ ಮನೆಗೆ ಕಾಲಿಟ್ಟ ಮಾರನೆಯ ಬೆಳಿಗ್ಗೆಯೇ ನನ್ನ ಬಾಗಿಲಿಗೆ ಬಂದು, "ನಿಮ್ಮಮ್ಮ ಸಿಕ್ಕಿದ್ಲು ಕಣೆ ಓಬೀ. ಚೆನ್ನಾಗವ್ಳೆ" ಎಂದಿದ್ದಳು.

ಅಲ್ಲಿಂದ ಒಂದು ದಿನವೂ ತಪ್ಪಿಸಲಿಲ್ಲ. ಅಮ್ಮ ಮೊರದಲ್ಲಿ ರಾಗಿ ಕೇರುತ್ತಾಳೆ, ಕೇರುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಾಳೆ. ಒಂದು ಕಂದು ಬೆಕ್ಕನ್ನು ದಿನಾ ಬೈಯುತ್ತಾಳೆ, ದಿನಾ ಅದಕ್ಕೆ ಹಾಲು ಹಾಕುತ್ತಾಳೆ. "ಎಡಗೈಲಿ ಮುದ್ದೆ ಕಟ್ತಾಳೆ ಕಣೆ" ಎಂದು ಮಾರಕ್ಕ ಹೇಳಿದ ದಿನ ನಾನು ಎಡಗೈಯಲ್ಲಿ ಮುದ್ದೆ ಕಟ್ಟಲು ಹೋಗಿ ಅಂಗೈ ಸುಟ್ಟುಕೊಂಡು, ಅದನ್ನು ಗಂಡನಿಗೆ ತೋರಿಸಿ ಸಂತೋಷಪಟ್ಟಿದ್ದೆ. ಅಮ್ಮ ಎಂದರೆ ನನಗೆ ಮಾರಕ್ಕನ ಬಾಯಲ್ಲಿ ಬರುವ ಸುದ್ದಿ. ಆ ಸುದ್ದಿ ಕೇಳಿದ ಮೇಲೇ ನನಗೆ ಬೆಳಗಾಗುತ್ತಿತ್ತು.

ಎರಡು ವರ್ಷದ ಹಿಂದೆ ಜಲ್ಲಿ ಅಂಗಳಕ್ಕೆ ಹೊರಗಿನಿಂದ ಒಬ್ಬ ಇಂಜಿನಿಯರ್ ಬಂದರು, ರಜಿಯಾ ಅಂತ. ಸಣ್ಣ ಹೆಣ್ಣುಮಗಳು, ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯ ತುಂಬ ಸಾಮಾನು. ಕಲಸಿದ ಮಾಲು ಎಷ್ಟು ಕುಸಿಯುತ್ತದೆ ಎಂದು ಅಳೆಯುವ ತಗಡಿನ ಕೊಳವೆ, ಕಾಂಕ್ರೀಟು ತುಂಬಿ ಆಮೇಲೆ ಒತ್ತಿ ಒಡೆದು ನೋಡುವ ಕಬ್ಬಿಣದ ಚೌಕದಚ್ಚು, ಗೋಡೆಗೆ ಒತ್ತಿ ಹಿಡಿದರೆ ಒಳಗಿನ ಸ್ಪ್ರಿಂಗು ಹಿಂದಕ್ಕೆ ಚಿಮ್ಮಿ ಗಟ್ಟಿತನ ಹೇಳುವ ಸುತ್ತಿಗೆ. ಪಾಪ, ಅವರಿಗೆ ಸಿಕ್ಕ ಬಾಡಿಗೆ ಮನೆ ಹಳೇ ಛತ್ರದ ಜಲ್ಲಿಯದು. ಬೆಳಗಿನವರೆಗೂ ಕನಸಿನಲ್ಲಿ ಯಾರ್‍ಯಾರದೋ ಬೀಗರು ಉಣ್ಣುತ್ತಿದ್ದರು, ಸಾರು ಸಾರು ಎಂದು ಕೂಗುತ್ತಿದ್ದರು. ಯಾರಿಗೆ ತಲುಪಿಸಬೇಕೆಂದು ಗೊತ್ತಾಗದೆ ರಜಿಯಾ ಮೇಡಂ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಅಂಗಳದ ಬಾಗಿಲಿಗೆ ತೂಗುಹಾಕುತ್ತಿದ್ದರು. ಜನ ಬಂದು ತಮ್ಮವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಅವರೇ ಬೂದಿ ತಂದದ್ದು. ಅಕ್ಕಿ ಮಿಲ್ಲಿನ ಹಿಂದೆ ಗುಡ್ಡೆಬಿದ್ದಿದ್ದ ಭತ್ತದ ಹೊಟ್ಟನ್ನು ಹದವಾದ ಬೆಂಕಿಯಲ್ಲಿ ಸುಟ್ಟು, ಆ ಬೂದಿಯನ್ನು ಮೈದಾ ಹಿಟ್ಟಿನಷ್ಟು ನುಣ್ಣಗೆ ಅರೆಸಿದರು. ಅದನ್ನು ನೀರಿನಲ್ಲಿ ಕದಡಿ ಹಳೇ ಜಲ್ಲಿಯನ್ನು ಒಂದು ಹಗಲು ಅದರಲ್ಲಿ ನೆನೆಹಾಕಿದರೆ ತೂತುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಸಿಮೆಂಟಿನ ಪಾಲಿಗೂ ಒಂದಿಷ್ಟು ಅದೇ ಬೂದಿ. ಸಿಮೆಂಟು ಮೂರರಲ್ಲೊಂದು ಪಾಲು ಉಳಿಯಿತು, ನೀರು ಉಳಿಯಿತು, ತಾರಸಿ ಗುಂಡುಕಲ್ಲಿನಂತಾಯಿತು. ಮೊದಲ ಬೂದಿ ತಾರಸಿ ಹಾಕಿದ್ದು ದರ್ಜಿ ಕಾಶಪ್ಪನ ಮನೆಗೆ. ಅದರ ಕೆಳಗೆ ಮಲಗಿದ ಮಾರನೆಯ ಬೆಳಿಗ್ಗೆ ಅವನು ದಾರಿ ತಪ್ಪಿದವನ ಹಾಗೆ ಬೀದಿಯಲ್ಲಿ ನಿಂತು, "ಏನೂ ಕಾಣ್ಲಿಲ್ಲ ಕಣ್ರಪ್ಪೋ, ಬರೀ ನಿದ್ದೆ" ಎಂದ.

ಊರು ಎರಡಾಯಿತು. ಹೊಸದಾಗಿ ಮದುವೆಯಾದವರು, ಪರೀಕ್ಷೆಗೆ ಓದುವವರು, ಬೇರೆಯವರ ಸೋದರತ್ತೆಯರ ಕಾಟ ಕಂಡು ಕಂಡು ಸಾಕಾದವರು ಬೂದಿ ತಾರಸಿಗೆ ಸಾಲು ನಿಂತರು. ಮಿಕ್ಕವರು ಬಿರುಕಿಗೆ ತೇಪೆ ಹಾಕಿಕೊಂಡು ದಿನ ದೂಡಿದರು. ಬೆಳಗಿನ ಬೀದಿಗಳು ಒಂದೊಂದಾಗಿ ಸುಮ್ಮನಾಗುತ್ತಾ ಬಂದವು. ನಾನು ಬೂದಿ ಕದಡುತ್ತಲೇ, ಮಾರಕ್ಕನ ಮನೆಯ ಸರದಿ ಬರದೇ ಇರಲಪ್ಪ ಎಂದುಕೊಳ್ಳುತ್ತಿದ್ದೆ.

ಬಂತು. ಒಂದು ಮಧ್ಯಾಹ್ನ ಮಾರಕ್ಕನ ಅಡುಗೆಮನೆಯ ಸೂರಿನಿಂದ ತಟ್ಟೆಯಗಲದ ಚೂರು ಕಳಚಿ ಒರಳಿನ ಪಕ್ಕದಲ್ಲಿ ಬಿತ್ತು. ಅವಳ ಸೊಸೆ ಹಂಸವೇಣಿ ಆಗತಾನೇ ಎದ್ದು ನೀರು ತರಲು ಹೋಗಿದ್ದಳು. ಏಳು ತಿಂಗಳ ಬಸುರಿ. ರಜಿಯಾ ಮೇಡಂ ಬಂದು ಸುತ್ತಿಗೆ ಹಿಡಿದು ನೋಡಿ, ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿದ್ದನ್ನು ಬೆರಳಿನಲ್ಲಿ ಮುಟ್ಟಿ, "ಇದರ ಕೆಳಗೆ ಇವತ್ತಿಂದ ಯಾರೂ ಮಲಗಬೇಡಿ. ಇದೇ ಜಲ್ಲೀನ ಬೂದೀಲಿ ನೆನೆಸಿ ಮತ್ತೆ ಹಾಕೋಣ" ಎಂದರು. ಮಾರಕ್ಕ ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ.

ಹೊಸ ತಾರಸಿ ಬಿಗಿಯುವವರೆಗೆ ಮಾರಕ್ಕ, ಅವಳ ಮಗ ಕಾಟಯ್ಯ, ಹಂಸವೇಣಿ ಮೂವರೂ ನಮ್ಮ ಮನೆಯಲ್ಲೇ ಇರಲಿ ಎಂದೆ. ಆ ಕಡೆ ಕಾಟಯ್ಯ ಹಳೇ ತಾರಸಿ ಕೆಡವಿಸಿದ. ಜಲ್ಲಿ ಮಷಿನ್ನಿನ ಬಾಯಿಗೆ ಅದು ಹೋಗುವುದನ್ನು ನಾನು ಅಂಗಳದಲ್ಲಿ ನಿಂತು ನೋಡಿದೆ. ನಮ್ಮಮ್ಮ ಓಡಾಡುತ್ತಿದ್ದ ಜಾಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಚಿಕ್ಕ ತುಂಡಾಗಿ ಗುಡ್ಡೆಯಾಯಿತು. ಒಂದು ಹಿಡಿ ಎತ್ತಿಕೊಂಡೆ. ಬೆಚ್ಚಗಿತ್ತು. ಮಷಿನ್ನಿನಿಂದ ಬಂದದ್ದು ಬೆಚ್ಚಗೇ ಇರುತ್ತದೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೆಳಗೆ ಹಾಕಲು ಮನಸ್ಸು ಬರಲಿಲ್ಲ.

ಜಲ್ಲಿ ನೆನೆಹಾಕುವುದು ನನ್ನದೇ ಕೆಲಸ. ಐದು ತೊಟ್ಟಿಗಳಲ್ಲಿ ಬರೀ ನೀರು ತುಂಬಿದೆ, ಒಂದರಲ್ಲಿ ಮಾತ್ರ ಬೂದಿ ಕದಡಿದೆ. ತಾರಸಿ ಹಾಕುವ ದಿನ ಬೆಳಿಗ್ಗೆ ಮೊದಲ ಮಾಲನ್ನು ಆ ಬೂದಿ ತೊಟ್ಟಿಯ ಜಲ್ಲಿಯಿಂದ ಕಲಸಿ ಕೊಟ್ಟೆ. ರಜಿಯಾ ಮೇಡಂ ಅದರ ಕುಸಿತ ಅಳೆದು, ಪರೀಕ್ಷೆಯ ಚೌಕದಚ್ಚುಗಳಿಗೆ ತುಂಬಿಸಿ, "ಕೈ ಅಂದ್ರೆ ಓಬಕ್ಕಂದು" ಎಂದು ಹೊಗಳಿ ಶಾಲೆಯ ಕೆಲಸ ನೋಡಲು ಹೋದರು. ಅವರು ತಿರುವು ದಾಟಿದ ಮೇಲೆ ಮಿಕ್ಕ ಐದು ತೊಟ್ಟಿಯ ಜಲ್ಲಿ ಮಿಕ್ಸರಿಗೆ ಬಿತ್ತು. ಬೂದಿಯ ಚೀಲಗಳನ್ನು ಗೋಣಿತಾಟಿನ ಕೆಳಗೆ ಮುಚ್ಚಿಟ್ಟೆ. ಸಿಮೆಂಟು ಮಾತ್ರ ಬೂದಿ ಲೆಕ್ಕಕ್ಕೇ ಬಂದದ್ದು, ಮೂರರಲ್ಲೊಂದು ಪಾಲು ಕಮ್ಮಿ. ಎದೆಯಲ್ಲಿ ಒಂದೇ ಒಂದು ಮಾತು ಓಡುತ್ತಿತ್ತು, ಅಮ್ಮ ಇರಲಿ, ಅಮ್ಮ ಇರಲಿ. ಬೂದಿ ಮಾಲು ಮಳೆಮೋಡದ ಹಾಗೆ ಕಪ್ಪಗಿರುತ್ತದೆ, ನನ್ನದು ಬೆಳ್ಳಗೆ ಬಿಳಿಚಿಕೊಂಡಿತ್ತು. ಮಾರಕ್ಕ ಹಸಿ ತಾರಸಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಹಲಗೆಯ ಪಕ್ಕದಲ್ಲಿ ಸೆರಗು ತಲೆಗೆ ಹಾಕಿಕೊಂಡು ನಿಂತು, ಮೇಲೇರಿ ಹೋಗುವ ಒಂದೊಂದು ಬಾಣಲಿಯನ್ನೂ ನೋಡುತ್ತಿದ್ದಳು.

ಸೆಂಟ್ರಿಂಗ್ ಬಿಚ್ಚುವುದಕ್ಕೆ ಹದಿನಾಲ್ಕು ದಿನ. ಅಷ್ಟೂ ದಿನ ನಮ್ಮ ಮನೆಯಲ್ಲಿ ಐದು ಜನಕ್ಕೂ ಗಾದ್ರಪ್ಪನ ತಾತನೇ ಗತಿ. ಬೆಳಿಗ್ಗೆ ಎದ್ದರೆ ಕಾಟಯ್ಯ, "ಆ ಮುದುಕಂಗೆ ಬೇರೆ ಕೆಲ್ಸ ಇಲ್ವಾ ಅಕ್ಕ?" ಎಂದು ನಗುತ್ತಿದ್ದ. ಹಂಸವೇಣಿಗೆ ವಾಕರಿಕೆ. ಐವರು ಒಟ್ಟಿಗೆ ಹೋಗಿ ಹೇಳಿದ್ದಕ್ಕೆ ಗಾದ್ರಪ್ಪ ಖುಷಿಯಾಗಿ ಬಸುರಿಗೆ ಅಂತ ಖರ್ಜೂರ ಕಟ್ಟಿಕೊಟ್ಟ. ಮಾರಕ್ಕ ಮಾತ್ರ ಎದ್ದವಳೇ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಮಾತು ಕಮ್ಮಿಯಾಗಿತ್ತು. ಏಳನೆಯ ದಿನ ಮೊದಲ ಚೌಕಗಳನ್ನು ಒಡೆದು ನೋಡಿ ರಜಿಯಾ ಮೇಡಂ, "ಊರಲ್ಲೇ ಗಟ್ಟಿ ತಾರಸಿ ಮಾರಕ್ಕಂದು" ಎಂದು ಸಂಭ್ರಮಪಟ್ಟರು. ನಾನು ಪೊರಕೆ ಹಿಡಿದು ತೊಟ್ಟಿಯ ಕಡೆ ಹೋದೆ.

ದಿನಾ ಸಂಜೆ ನಾವು ತಾರಸಿ ಹತ್ತಿ ನೀರು ನಿಲ್ಲಿಸಿ ಬರುತ್ತಿದ್ದೆವು. ಸುತ್ತ ಮಣ್ಣಿನ ಬದು ಕಟ್ಟಿ ತುಂಬಿದ ಆ ನೀರಿನಲ್ಲಿ ಆಕಾಶ ಮಲಗಿರುತ್ತಿತ್ತು, ಕೊಕ್ಕರೆಗಳು ನಮ್ಮ ಕಾಲ ಕೆಳಗೆ ಹಾರುತ್ತಿದ್ದವು. ಹದಿಮೂರನೆಯ ಸಂಜೆ ಹಂಸವೇಣಿ ಬೇಡವೆಂದರೂ ಕೇಳದೆ ಏಣಿಯ ಬುಡದವರೆಗೆ ಬಂದಳು. ಸೆಂಟ್ರಿಂಗ್ ಕಂಬಗಳ ನಡುವೆ ಬಗ್ಗಿ ಒಳಗೆ ಇಣುಕಿ, ಸೂರಿನಲ್ಲಿ ಹುಗಿದಿದ್ದ ಕಬ್ಬಿಣದ ಕೊಂಡಿ ತೋರಿಸಿ, "ತೊಟ್ಟಿಲು ಕಟ್ಟಕ್ಕೆ ಇವ್ರೇ ಹಾಕ್ಸಿದ್ದು ಓಬಕ್ಕ. ಮಗು ನೇರ ಕಿಟಕಿ ಕಡೆ ನೋಡುತ್ತೆ" ಎಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು.

ಅವಳು ಹೋದ ಮೇಲೆ ಮಾರಕ್ಕನ ಜೊತೆ ತಾರಸಿ ಹತ್ತಿ ನಾನು ನೀರಿನಲ್ಲೇ ಕುಕ್ಕರಿಸಿದೆ. "ಮಾರಕ್ಕ, ಈ ತಾರಸಿಗೆ ಬೂದಿ ಹಾಕಿಲ್ಲ" ಎಂದೆ.

"ಗೊತ್ತು" ಎಂದಳು ಮಾರಕ್ಕ.

"ಗೊತ್ತಾ?"

"ನಲವತ್ತು ವರ್ಷ ಬಾಣಲಿ ಹೊತ್ತೋಳಿಗೆ ಮಾಲಿನ ಬಣ್ಣ ಗೊತ್ತಾಗಲ್ವೇನೆ? ಮೊದಲ್ನೇ ಬಾಣಲೀಲೇ ಗೊತ್ತಾಯ್ತು."

"ಮತ್ಯಾಕೆ ಸುಮ್ಮನಿದ್ದೆ? ನಿನ್ನ ಸೊಸೆ ಮಲಗೋ ಮನೆ ಇದು!"

ಮಾರಕ್ಕ ನೀರಿಗೆ ಬೆರಳು ಅದ್ದಿ ತೆಗೆದು ಅದ್ದಿ ತೆಗೆದು ಮಾಡುತ್ತಿದ್ದಳು. "ಬಯ್ಯಬೇಡ. ಒಂದು ವಿಷಯ ನಿಂಗೆ ಹೇಳಿಲ್ಲ. ಈಗೊಂದು ಎಂಟು ವರ್ಷದಿಂದ ಗಿರಿಯಮ್ಮ ನಂಗೂ ಒಂದು ಮಣೆ ಹಾಕ್ತಾಳೆ ಕಣೆ. ಬೇರೆಯವರ ಕನಸಲ್ಲಿ ಯಾರೂ ತಿರುಗಿ ನೋಡಲ್ಲ, ಅವಳು ನೋಡ್ತಾಳೆ. ಬಾ ಕೂತ್ಕೊ ಅಂತಾಳೆ. ನಾನು ಕೂತ್ಕೊತೀನಿ. ನಿಂಗೆ ಹೇಳಿದ್ರೆ ಹೊಟ್ಟೆ ಉರ್ಕೊತೀಯ ಅಂತ ಬಾಯಿ ಮುಚ್ಕೊಂಡಿದ್ದೆ."

ಹೊಟ್ಟೆ ಉರಿಯಿತು. ಉರಿಯದೆ ಏನು? ನನ್ನ ತಾಯಿ ಎಂಟು ವರ್ಷದಿಂದ ಇನ್ನೊಬ್ಬಳಿಗೆ ಮಣೆ ಹಾಕುತ್ತಿದ್ದಾಳೆ, ನನಗೆ ಬಂದದ್ದು ಬೆಕ್ಕಿನ ಸುದ್ದಿ. ಎದ್ದು ಹೋಗಿಬಿಡೋಣ ಎನಿಸಿತು. ಆದರೆ ಮಾರಕ್ಕನ ಕೆನ್ನೆ ಒದ್ದೆಯಾಗಿತ್ತು, ಅವಳು ಅದನ್ನು ಒರೆಸಿಕೊಳ್ಳದೆ ಆ ನೀರನ್ನೇ ನೋಡುತ್ತಿದ್ದಳು. ನನಗೆ ತಾಯಿ ಎಷ್ಟೋ ಅಷ್ಟೇ ಅವಳಿಗೆ ಗೆಳತಿ, ಇಬ್ಬರೂ ಸೇರಿ ಒಂದು ಹುಟ್ಟದ ಕೂಸಿನ ನೆತ್ತಿಯ ಮೇಲೆ ಟೊಳ್ಳು ತಾರಸಿ ಹೊದಿಸಿದ್ದೆವು. "ಕೆಡವಿಸೋಣ ಮಾರಕ್ಕ" ಎಂದೆ. "ಹೂಂ" ಎಂದಳು. ಏಳುತ್ತಾ, "ಗಿರಿಯಮ್ಮನೇ ಇದ್ದಿದ್ರೂ ಹಂಗೇ ಅಂತಿದ್ಲು ಬಿಡು" ಎಂದಳು. ಮೂಲೆಯ ಬದುವನ್ನು ಕಾಲಿನಲ್ಲಿ ಒಡೆದು ನೀರು ಬಿಟ್ಟು ಇಳಿದು ಬಂದೆವು.

ಹೋಗಿ ಎಲ್ಲ ಹೇಳಿದಾಗ ರಜಿಯಾ ಮೇಡಂ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಆ ಕೊಂಡಿಗೆ ತೊಟ್ಟಿಲು ಕಟ್ಟೋರಿದ್ರು ಓಬಕ್ಕ" ಎಂದು ಅಷ್ಟೇ ಅಂದು, ಮಿಕ್ಸರಿನ ಹ್ಯಾಂಡಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಂದು ವರ್ಷ ನಾನು ಮಿಕ್ಸರ್ ಮುಟ್ಟುವ ಹಾಗಿಲ್ಲ ಎಂದಾಯಿತು. ಕಾಟಯ್ಯ ನನ್ನ ಮನೆಯಲ್ಲೇ ಉಂಡು ನನ್ನ ಜೊತೆ ಮಾತು ಬಿಟ್ಟ. ತಾರಸಿಯನ್ನು ನಾನೇ ಮುಂದೆ ನಿಂತು ಒಡೆದೆ. ಎರಡನೆಯ ಸಲ ಮಷಿನ್ನಿಗೆ ಹೋದ ಜಲ್ಲಿಯನ್ನು ರಜಿಯಾ ಮೇಡಂ ತಾವೇ ಬೂದಿಯಲ್ಲಿ ನೆನೆಸಿದರು, ನಾನು ತೊಟ್ಟಿಯ ಪಕ್ಕದಲ್ಲಿ ಕೈಕಟ್ಟಿಕೊಂಡು ಕೂತಿದ್ದೆ. ಕಪ್ಪು ನೀರು ಒಂದೊಂದು ಕಲ್ಲನ್ನೂ ಮುಚ್ಚಿಕೊಂಡಿತು. ಮೇಲೆ ಒಂದಿಷ್ಟು ಗುಳ್ಳೆ ಎದ್ದವು, ಆಮೇಲೆ ಅದೂ ನಿಂತಿತು.

ಹ್ಯಾಗೂ ಮತ್ತೆ ಹದಿನಾಲ್ಕು ದಿನ ಕಾಯಬೇಕಿತ್ತಲ್ಲ, ಅದರ ನಡುವೆ ಹಂಸವೇಣಿಗೆ ದಿನ ತುಂಬುವ ಮುಂಚೆಯೇ ನೋವು ಬಂದು ನಮ್ಮ ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಇಲಿಮರಿಯಷ್ಟಿತ್ತು. ಮೊದಲ ನಿದ್ದೆಯಲ್ಲೇ ಅದು ತುಟಿ ಆಡಿಸತೊಡಗಿದಾಗ ಮಾರಕ್ಕ, "ನೋಡ್ರೇ, ಇದೂ ಹಲ್ಲುಜ್ಜಕ್ಕೆ ಹತ್ತೈತೆ" ಎಂದಳು. ಕಾಟಯ್ಯ ತಡೆಯಲಾರದೆ ನಕ್ಕುಬಿಟ್ಟ, ನನ್ನ ಜೊತೆ ಮಾತೂ ಆಡಿದ.

ಅವರು ತಮ್ಮ ಮನೆಗೆ ಹೋದ ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆರೆದು ಸುಮ್ಮನೆ ನಿಂತಿದ್ದೆ. ಮಾರಕ್ಕ ಬಂದಳು. ಅದೇ ಹೊತ್ತಿಗೆ, ಅದೇ ನಡಿಗೆ. ಒಳಗೆ ಕೂತು ಕಾಫಿ ಕುಡಿದು ಲೋಟ ಕೆಳಗಿಟ್ಟು, "ಇವತ್ತು ಏನೂ ಇಲ್ಲ ಕಣೆ" ಎಂದಳು. ಮಾರನೆಯ ದಿನವೂ ಬಂದಳು, ಅದೇ ಮಾತು. ಮೂರನೆಯ ದಿನ ನನಗೆ ದುಃಖಕ್ಕಿಂತ ನಾಚಿಕೆ ಹೆಚ್ಚಾಯಿತು. ಇಪ್ಪತ್ತಮೂರು ವರ್ಷ ಇವಳು ನನ್ನ ಬಾಗಿಲಿಗೆ ನಡೆದು ಬಂದಿದ್ದಾಳೆ, ಇವಳ ಬಾಗಿಲಿಗೆ ಯಾರು ಹೋಗುತ್ತಾರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದೆ.

"ನಂಗ್ಯಾರು ಬರ್ತಾರೆ? ನಾನು ಹುಟ್ಟಿದ ಮನೆ ಚೀಟೀಲೇ ಬರಲಿಲ್ಲ. ಅದ್ರ ಜಲ್ಲಿ ಎಲ್ಲಾ ಕಾಲುವೆ ಸೇತುವೆಗೆ ಹೋಯ್ತು. ಸೇತುವೆ ಕೆಳಗೆ ಯಾರು ಮಲಗ್ತಾರೆ ಹೇಳು" ಎಂದು ಮಾರಕ್ಕ ನಕ್ಕಳು.

"ಆ ಮನೇಲಿ ಯಾರಿದ್ರು?"

"ನಮ್ಮಪ್ಪಯ್ಯ, ನಾನು. ಇಬ್ರೇ. ನಾನು ಪಕ್ಕದೂರಲ್ಲಿ ತಾರಸಿ ಮೋಲ್ಡ್ ಕೆಲ್ಸಕ್ಕೆ ಹೋಗಿದ್ದಾಗ ಹೋಗ್ಬಿಟ್ಟ. ಕೊನೇಲಿ ನನ್ನ ಹೆಸರಿಡಿದು ಏನೋ ಕೂಗಿದನಂತೆ. ಏನಂತ ಯಾರೂ ಸರಿಯಾಗಿ ಹೇಳ್ಲಿಲ್ಲ. ಬೈದನೇನೋ. ಅವನ್ನ ಒಬ್ಬನ್ನೇ ಬಿಟ್ಟು ನಾನು ಹೋಗಿದ್ನಲ್ಲ." ಅವಳು ಸೆರಗು ಕೊಡವಿ ಎದ್ದಳು. "ಹೋಗ್ಲಿ ಬಿಡು, ಕೂಸಿಗೆ ನೀರು ಹಾಕ್ಬೇಕು."

ಮಿಕ್ಸರ್ ಕೆಲಸವಿಲ್ಲದೆ ನನಗೆ ಹಗಲೆಲ್ಲ ಬಿಡುವು. ಕಾಲುವೆಗೆ ನೀರು ಬಿಡುವುದಕ್ಕೆ ಇನ್ನೂ ಹತ್ತು ಹನ್ನೆರಡು ದಿನವಿತ್ತು. ಅವತ್ತು ಮಧ್ಯಾಹ್ನ ಚಾಪೆ ಸುತ್ತಿಕೊಂಡು ಸೇತುವೆಯ ಕೆಳಗೆ ಇಳಿದೆ. ಮಲಗಿದರೆ ಮೂಗಿಗೆ ತಾಗುವಷ್ಟು ತಗ್ಗು. ಮೇಲೆ ಗಾಡಿ ಹೋದಾಗಲೆಲ್ಲ ಎದೆ ನಡುಗುತ್ತಿತ್ತು. ಮೊದಲ ದಿನ ನಿದ್ದೆ ಸುಳಿಯಲಿಲ್ಲ. ಎರಡನೆಯ ದಿನ ಇರುವೆ. ಸಾಮಾನು ತರಲು ಹೊರಟಿದ್ದ ಗಾದ್ರಪ್ಪ ಮೇಲಿನಿಂದ ಬಗ್ಗಿ ನೋಡಿ, "ಏನಾಯ್ತು ಓಬಕ್ಕ, ಗಂಡ ಮನೆಯಿಂದ ಓಡಿಸಿದ್ನಾ?" ಎಂದ. "ನಿಮ್ಮ ತಾತನ ಕಾಟ ತಡೀಲಾರದೆ ಬಂದೆ, ಹೋಗಣ್ಣ ಸುಮ್ನೆ" ಎಂದು ಗದರಿದೆ. ನಾಲ್ಕನೆಯ ದಿನ ಬಿಸಿಲು ಜೋರಾಗಿತ್ತು, ಸೇತುವೆಯ ಕೆಳಗೆ ಮಾತ್ರ ಮಡಕೆಯೊಳಗಿನ ತಂಪು. ಎಲ್ಲೋ ಎಮ್ಮೆಯೊಂದು ಗಂಟೆ ಅಲ್ಲಾಡಿಸಿಕೊಂಡು ಮೇಯುತ್ತಿತ್ತು. ಆ ಗಂಟೆಯ ಸದ್ದು ದೂರವಾಗುತ್ತಾ ದೂರವಾಗುತ್ತಾ ಒಂದು ಬಾಗಿಲಿನ ಚಿಲಕದ ಸದ್ದಾಯಿತು.

ಎಚ್ಚರವಾದಾಗ ಚಾಪೆಯನ್ನು ಅಲ್ಲೇ ಬಿಟ್ಟು ಓಡಿದೆ. ನಾಳೆ ಬೆಳಿಗ್ಗೆ ಹೇಳಬೇಕೆನ್ನುವ ರೀತಿಯೂ ನೆನಪಾಗಲಿಲ್ಲ, ಮುಖವನ್ನೂ ತೊಳೆಯಲಿಲ್ಲ. ಮಾರಕ್ಕ ಜಗುಲಿಯ ಮೇಲೆ ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನನ್ನ ಸೀರೆಯ ಕೆಸರು ನೋಡಿ, "ಎಲ್ಲಿ ಬಿದ್ದೆಯೇ?" ಎಂದಳು.

"ಸೇತುವೆ ಕೆಳಗೆ ಮಲಗಿದ್ದೆ ಮಾರಕ್ಕ. ಹಸಿರು ಬಣ್ಣದ ಬಾಗಿಲು. ಒಬ್ರು ನಿಂತಿದ್ರು, ಉದ್ದಕ್ಕೆ, ಹೆಗಲ ಮೇಲೆ ವಲ್ಲಿ. ಬಲಗಿವೀಲಿ ಮಾತ್ರ ಚಿನ್ನದ ಒಂಟಿ."

ಅವಳ ಕೈ ಕೂಸಿನ ಎದೆಯ ಮೇಲೆ ನಿಂತಿತು. "ಎಡಗಿವಿದು ಸಂತೇಲಿ ಬಿದ್ದೋಗಿತ್ತು" ಎಂದಳು. ದನಿ ಅವಳದಾಗಿರಲಿಲ್ಲ. "ಏನು ಮಾಡ್ತಿದ್ದ?"

"ಕೂಗ್ತಿದ್ರು. ಬೈತಿರಲಿಲ್ಲ ಮಾರಕ್ಕ, ಆಣೆಗೂ ಬೈತಿರಲಿಲ್ಲ. ಮಾರೀ, ಮುದ್ದೆ ಆರೋಗುತ್ತೆ ಬಾರೇ, ಅಂತ. ಎರಡು ತಟ್ಟೆ ಇಟ್ಕೊಂಡು ಕೂಗ್ತಾನೇ ಇದ್ರು."

ಮಾರಕ್ಕ ಬೀದಿಯ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ, ಬಿಸಿಲು ಮಾತ್ರ. ಒಳಗೆ ಹೋಗಿದ್ದ ಆ ಕುತ್ತಿಗೆಯನ್ನು ಆದಷ್ಟು ಮೇಲೆತ್ತಿ, ಇಡೀ ಬೀದಿಗೆ ಕೇಳುವ ಹಾಗೆ, "ಬಂದೇ ಅಪ್ಪಯ್ಯಾ!" ಎಂದು ಕೂಗಿದಳು.

ಕೂಸು ಬೆಚ್ಚಿ ಅಳತೊಡಗಿತು. ಮಾರಕ್ಕ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ, ನನಗೆ ಕೂರಲು ಪಕ್ಕಕ್ಕೆ ಸರಿದು ಜಾಗ ಮಾಡಿ, "ಆಮೇಲೆ?" ಎಂದಳು.